ಸುಳ್ಳು ಸೊನ್ನೆ

ಬ್ಯಾಟರಿಗೆ ಹೋಗುವ ಕರೆಂಟು ಒಂದು ಆಂಪಿಯರ್‌ಗಿಂತ ಕೆಳಗಿಳಿದೊಡನೆ ಮೀಟರಿನ ಮುಳ್ಳು ಸೊನ್ನೆಗೆ ಬಿದ್ದುಬಿಡುತ್ತಿತ್ತು. ತಂತಿಯಲ್ಲಿ ಕರೆಂಟು ಇನ್ನೂ ಹರಿಯುತ್ತಿತ್ತು. ನಾನೇ ಮಾಡಿದ ಮೀಟರನ್ನು ಸೊಲ್ಲಾಪುರದ ಮನೆಯಲ್ಲಿ ಪರೀಕ್ಷಿಸುವಾಗ ಇದು ಕಂಡಿತು. ಇಂಥದೇ ಮೀಟರನ್ನು ಅಕ್ಕಲಕೋಟೆಯ ಹೆರಿಗೆ ಆಸ್ಪತ್ರೆಯ ದೀಪದ ಬ್ಯಾಟರಿಗೆ ಜೋಡಿಸಿಕೊಟ್ಟು, "ಮುಳ್ಳು ಸೊನ್ನೆಗೆ ಬಂದ್ರ ಬ್ಯಾಟರಿ ತುಂಬೈತಿ ಅಂತ ತಿಳೀರಿ, ಚಾರ್ಜರ್ ತೆಗೀರಿ" ಎಂದು ನರ್ಸ್‌ಬಾಯಿಗೆ ಹೇಳಿ ಬಂದಿದ್ದೆ. ಅವರು ತುಂಬದ ಬ್ಯಾಟರಿಯನ್ನೇ ತೆಗೆದಿಡುತ್ತಿರಬೇಕು. ಅಕ್ಕ ಅಲ್ಲೇ ಹೆರಿಗೆಗೆ ಸೇರಿದ್ದಳು.

ಅಳೆಯಬೇಕಾದ ಪ್ಲಸ್ ತಂತಿಯಿಂದಲೇ ಮೀಟರಿನೊಳಗೆ ಸಣ್ಣ ವೋಲ್ಟೇಜನ್ನು ಹಿಗ್ಗಿಸಿ ಮುಳ್ಳಿಗೆ ಕೊಡುವ ಆಪ್-ಆಂಪ್ ಚಿಪ್ಪಿಗೂ ವಿದ್ಯುತ್ ಕೊಟ್ಟಿದ್ದೆ. ಅಳೆಯಬೇಕಾದ ವೋಲ್ಟೇಜೂ ತನಗೆ ಸಿಗುವಷ್ಟೇ ಇದ್ದರೆ ಅದು ಸರಿಯಾಗಿ ಅಳೆಯಲಾರದು.

"ಕರೆಂಟ್ ಹೋದ್ರೂ ನಿನ್ನ ದೀಪ ಐತಂತ ಅಕ್ಕಗ ಭಾಳ ಧೈರ್ಯ ನೋಡವಾ," ಎಂದಳು ಅವ್ವ.

ಮರುದಿನ ಬೆಳಿಗ್ಗೆ ಚಿಪ್ಪಿಗೆ ಹೆಚ್ಚು ವೋಲ್ಟೇಜು ಕೊಡಲೆಂದೇ ಬೇರೊಂದು ಚಿಕ್ಕ ಬ್ಯಾಟರಿ, ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ ಚೀಲಕ್ಕೆ ಹಾಕಿಕೊಂಡು ಅಕ್ಕಲಕೋಟೆಯ ಮೊದಲ ಎಸ್.ಟಿ. ಬಸ್ ಹತ್ತಿದೆ.