ಎರಡನೇ ಏಟು

ಮೊನ್ನೆ ಬೆಳಗ್ಗೆ ಶಾಲೆಗೆ ಹೊರಡಲು ಅಂಗಿ ಹಾಕಿಕೊಳ್ಳುತ್ತಿದ್ದಾಗ ಬೀದಿಯಿಂದ ಹಸಿ ಸುಣ್ಣದ ವಾಸನೆ ಬಂತು. ನೀವೂ ಹಳ್ಳಿಯವರಾದರೆ ನಿಮಗೆ ಗೊತ್ತು, ಆ ವಾಸನೆ ಬಂದರೆ ಹಬ್ಬವೋ ಮದುವೆಯೋ ಹತ್ತಿರವಿದೆ ಎಂದರ್ಥ. ಈಗ ಎರಡೂ ಇರಲಿಲ್ಲ. ಕಿಟಕಿಯಿಂದ ಇಣುಕಿದೆ. ಎದುರು ಸಾಲಿನ ಕೊನೆಮನೆಯ ನಿಂಗಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗೋಡೆಗೆ ಸುಣ್ಣ ಬಳಿಯುತ್ತಿದ್ದಳು. ಅವಳ ಗಂಡ ಜವರ ಜೈಲಿನಿಂದ ಬರುತ್ತಾನೆ ಎಂಬುದು ನನಗೆ ಆಗ ಹೊಳೆಯಿತು. ಜವರ ನನ್ನ ಅಣ್ಣನನ್ನು ಕೊಂದವನು.

ಅಂಗಿಯ ಗುಂಡಿಗಳನ್ನು ಮೇಲು ಕೆಳಗಾಗಿ ಹಾಕಿಕೊಂಡೇ ಹನಕೆರೆ ಸ್ಟೇಷನ್ನಿಗೆ ನಡೆದಿದ್ದೆನಂತೆ. ಮದ್ದೂರಿನಲ್ಲಿ ಇಳಿದ ಮೇಲೆ ನಾನು ಮೇಷ್ಟ್ರಾಗಿರುವ ಶಾಲೆಯ ಜವಾನ ತೋರಿಸಿಕೊಟ್ಟ. ಹುಡುಗರು ಅಷ್ಟರಲ್ಲಿ ನೋಡಿಯಾಗಿತ್ತು.

ನನ್ನ ಹೆದರಿಕೆ ಜವರನದಲ್ಲ, ಅವ್ವನದು. ನಮ್ಮೂರಲ್ಲಿ ಹಿಂದಿನಿಂದ ಒಂದು ಕಟ್ಟು ಉಂಟು. ಕೊಲೆ ಮಾಡಿ ಸಜೆ ಮುಗಿಸಿ ಬಂದವನಿಗೆ ಸತ್ತವನ ಮನೆಯವರು ಮೊದಲು ಕುಡಿಯಲು ನೀರು ಕೊಡಬೇಕು. ಕೊಟ್ಟರೆ ಊರವರು ಅವನ ಮನೆಯೊಡನೆ ಬೆಂಕಿ, ನೀರು ಬಳಸುತ್ತಾರೆ. ಕೊಡದಿದ್ದರೆ ಅವನು ಹೆಂಡತಿ ಮಕ್ಕಳೊಡನೆ ಊರು ಬಿಡಬೇಕು. ಸರ್ಕಾರದ ಶಿಕ್ಷೆ ಸರ್ಕಾರದ್ದು, ಇದು ಊರಿನದು. ಈ ಸಲ ನೀರು ಕೊಡಬೇಕಾದವಳು ನಮ್ಮವ್ವ.

ಅಣ್ಣನ ವಿಷಯ ಹೇಳದೆ ಮುಂದೆ ಹೋಗಲಾರೆ. ನಮ್ಮ ವಂಶದಲ್ಲಿ ಬಿ.ಎ. ಮಾಡಿದವನು ನಾನೊಬ್ಬನೇ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಯಾರೂ ಕೇಳದಿದ್ದರೂ ಹೇಳುತ್ತೇನೆ. ಆದರೆ ಆ ಬಿ.ಎ.ಯನ್ನು ಗದ್ದೆಯಲ್ಲಿ ಕಬ್ಬು ಕಡಿದು ಬೆಳೆದವನು ಅಣ್ಣ ಬೋರಣ್ಣ. ಅಪ್ಪ ಹೋದ ಮೇಲೆ ತಾನು ಸ್ಲೇಟು ಬಿಸಾಕಿ ನನ್ನ ಕೈಗೆ ಪುಸ್ತಕ ಕೊಟ್ಟವನು. ಪಾಸಾದ ಸುದ್ದಿ ಬಂದ ದಿನ ಊರೆಲ್ಲ ಬೆಲ್ಲ ಹಂಚಿದ. ಮಾರನೆಯ ಬೆಳಗ್ಗೆ ನಾನು ಕೊಟ್ಟಿಗೆಯ ಬಾಗಿಲಲ್ಲಿ ಮೂಗು ಮುಚ್ಚಿಕೊಂಡು ನಿಂತದ್ದನ್ನು ಕಂಡು, "ಬಿಯೇ ಆಯ್ತು ಅಂತ ಸಗಣಿ ಪರಿಮಳ ಬುಟ್ಟೋಯ್ತದಾ? ಎತ್ಲಾ ಮಂಕ್ರಿಯ" ಅಂದ. ಸಗಣಿ ಬುಟ್ಟಿ ಎತ್ತಿದೆ.

ಕಾಲೇಜಿನಲ್ಲಿ ನೀತಿಶಾಸ್ತ್ರದ ಪರೀಕ್ಷೆಗೆ, ಕೊಲೆಗಾರನಿಗೆ ಮರಣದಂಡನೆ ನ್ಯಾಯವೇ ಎಂಬ ಪ್ರಶ್ನೆ ಬಂದಿತ್ತು. ಸೇಡು ಪಶುವಿನ ಗುಣ, ಶಿಕ್ಷೆಯಿರುವುದು ಮನುಷ್ಯನನ್ನು ತಿದ್ದುವುದಕ್ಕೆ ಎಂದು ಪುಟಗಟ್ಟಲೆ ಬರೆದೆ. ಒಳ್ಳೆಯ ಅಂಕ ಬಂತು. ಪರೀಕ್ಷೆಯಲ್ಲಿ ಕೊಲೆಯಾದವನು ಯಾರ ಅಣ್ಣನೂ ಆಗಿರುವುದಿಲ್ಲ ನೋಡಿ.

ನಮ್ಮ ಗದ್ದೆಗೂ ಜವರನ ಗದ್ದೆಗೂ ಒಂದೇ ಕಾಲುವೆ. ನಾಲೆಯ ನೀರು ಬಂದ ಮೇಲೆ ಸರದಿ ಬಂತು. ಸರದಿ ನೋಡಲು ಗಡಿಯಾರ ಯಾರ ಹತ್ತಿರವಿತ್ತು? ಸಂಜೆ ಮೈಸೂರಿನ ಕಡೆ ಹೋಗುವ ರೈಲು ಹನಕೆರೆಗೆ ಬರುವಾಗ ಕೂಗುತ್ತದಲ್ಲ, ಆ ಕೂಗೇ ಗಡಿಯಾರ. ಅದು ಕೇಳಿದರೆ ನಮ್ಮ ಸರದಿ ಮುಗಿದು ಜವರನದು ಶುರು. ವರ್ಷಗಟ್ಟಲೆ ಹೀಗೇ ನಡೆಯಿತು, ಒಂದು ದಿನವೂ ಜಗಳ ಬರಲಿಲ್ಲ.

ಯುದ್ಧದ ಕಾಲ. ಆ ಸಂಜೆ ನಾನು ಮದ್ದೂರಿನ ಪ್ಲಾಟ್‌ಫಾರಂನಲ್ಲಿ ರೈಲಿಗೆ ಕಾಯುತ್ತಿದ್ದೆ. ನಮ್ಮ ರೈಲಿಗೆ ಮೊದಲು ಸಿಪಾಯಿಗಳು ತುಂಬಿದ ಒಂದು ರೈಲು ನಿಲ್ಲದೆ ಹೋಯಿತು. ಕಿಟಕಿಯಿಂದ ಒಬ್ಬ ನನಗೆ ಕೈ ಬೀಸಿದ, ನಾನೂ ಬೀಸಿದೆ. ಆಮೇಲೆ ನಮ್ಮದು ಬಂತು. ಹನಕೆರೆಯಲ್ಲಿ ಇಳಿಯುವ ಹೊತ್ತಿಗೆ ಜನ ನಮ್ಮ ಗದ್ದೆಯ ಕಡೆ ಓಡುತ್ತಿದ್ದರು. ಅಣ್ಣ ಕಾಲುವೆಯ ಬದುವಿನ ಮೇಲೆ ಬಿದ್ದಿದ್ದ. ನೀರು ಜವರನ ಗದ್ದೆಗೆ ಹರಿಯುತ್ತಲೇ ಇತ್ತು.

ನಡೆದದ್ದು ಇಷ್ಟು. ಸಿಪಾಯಿಗಳ ರೈಲು ಕೂಗಿದ್ದನ್ನು ಕೇಳಿ ಜವರ ಬಂದು ತನ್ನ ಕಡೆಗೆ ನೀರು ತಿರುಗಿಸಿದ. ಹೊತ್ತಿನ್ನೂ ಇದೆ, ಅದು ನಮ್ಮ ರೈಲಲ್ಲ ಎಂದು ಅಣ್ಣ ಮುಚ್ಚಲು ಹೋದ. ಇಬ್ಬರ ಮಾತೂ ನಿಜ. ಮಾತಿಗೆ ಮಾತು ಬೆಳೆದು ಜವರ ಗುದ್ದಲಿ ಎತ್ತಿದ. ಒಂದು ಏಟು ಹೆಗಲಿಗೆ ಬಿತ್ತು, ಅಣ್ಣ ಉರುಳಿದ. ಬಿದ್ದ ಮೇಲೆ ಇನ್ನೊಂದು, ತಲೆಗೆ. ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ಹೆಂಗಸೊಬ್ಬಳು ಏಟುಗಳನ್ನು ಕಂಡಳು.

ಮಂಡ್ಯದ ಕೋರ್ಟಿನಲ್ಲಿ ಸರ್ಕಾರದ ವಕೀಲರ ವಾದ ಸರಳವಾಗಿತ್ತು. ಸರದಿಗೆ ಮೊದಲೇ ನೀರು ಕದಿಯಲು, ತಡೆದರೆ ಕೊಲ್ಲಲು ಸಿದ್ಧನಾಗಿಯೇ ಜವರ ಬಂದಿದ್ದ. ರೈಲು ಕೂಗಿತ್ತು ಎಂದು ಜವರ ಹೇಳಿದ. ರೈಲಿನ ವೇಳೆ ನೋಡಿದರೆ ಅದು ಸುಳ್ಳು. ಸಿಪಾಯಿಗಳ ರೈಲು ಯಾವ ಪಟ್ಟಿಯಲ್ಲೂ ಇಲ್ಲ, ಯುದ್ಧಕಾಲದಲ್ಲಿ ಅದರ ಮಾತೆತ್ತುವವರೂ ಇಲ್ಲ. ಊರಲ್ಲಿ ಆ ಕೂಗು ಕೇಳಿದವರಿದ್ದರು. ಅಣ್ಣನ ಮೇಲಿನ ಪ್ರೀತಿಗೆ ಅವರು ಬಾಯಿ ಮುಚ್ಚಿಕೊಂಡರು. ಗಲ್ಲಾಗುತ್ತದೆ ಎಂದು ಎಲ್ಲರೂ ಹೇಳತೊಡಗಿದರು.

ಆಗಲಿ ಎಂದು ನನಗೂ ಇತ್ತು. ಪಾಠ ಮಾಡುವಾಗ ಕೂಡ ಹಗ್ಗ ಕಣ್ಣ ಮುಂದೆ ಬರುತ್ತಿತ್ತು. ಸೇಡು ಪಶುವಿನ ಗುಣ ಎಂದು ಬರೆದಿದ್ದೆನಲ್ಲ, ಅದು ಶುದ್ಧ ಸುಳ್ಳು. ನಮ್ಮ ಮನೆಯ ಎತ್ತು ತಿಂದ ಪೆಟ್ಟನ್ನು ಮೇವು ಹಾಕುವ ಹೊತ್ತಿಗೆ ಮರೆತಿರುತ್ತದೆ. ಸೇಡು ಮನುಷ್ಯನದೇ, ಅದೂ ಪ್ರೀತಿ ಇದ್ದ ಮನೆಯಲ್ಲೇ ಹುಟ್ಟುವುದು. ಆದರೆ ಆ ಸಿಪಾಯಿ ಬೀಸಿದ ಕೈಯೂ ಕಣ್ಣ ಮುಂದೆ ಬರುತ್ತಿತ್ತು. ಆ ರೈಲು ಕಂಡ ನಾನು ಸುಮ್ಮನಿದ್ದರೆ ಜವರ ಸಾಯುತ್ತಾನೆ. ಬಾಯಿ ಬಿಟ್ಟರೆ ಬದುಕಿಕೊಳ್ಳುತ್ತಾನೆ.

ಸಾಕ್ಷಿ ಹೇಳುವ ಹಿಂದಿನ ದಿನ ಅವ್ವನಿಗೆ ಹೇಳಿದೆ. ಅವಳು ರಾಗಿ ಕೇರುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ಮೊದಲ್ನೇ ಏಟ ರೈಲು ಕೂಗಿದ್ಕೇ ಒಡೆದ ಅಂತ ಇಟ್ಕೊ. ಎಲ್ಡ್ನೇ ಏಟು ಯಾವ ರೈಲು ಕೂಗಿದ್ಕೆ ಒಡೆದ್ನಪ್ಪ? ಬಿಯೇ ಓದಿದ್ದೀಯಲ್ಲ, ಯೋಳು."

ಮಾರನೆಯ ಬೆಳಗ್ಗೆ ಆ ಪ್ರಶ್ನೆಯನ್ನು ಹೊತ್ತುಕೊಂಡೇ ಮಂಡ್ಯಕ್ಕೆ ಹೋದೆ.

ಕೋರ್ಟಿನಲ್ಲಿ ಜವರನ ಕಡೆಯ ವಕೀಲರು ಕತ್ತಲಲ್ಲಿ ಕಲ್ಲೆಸೆದ ಹಾಗೆ ಕೇಳಿದರು, ಆ ಸಂಜೆ ಬೇರೆ ಯಾವುದಾದರೂ ರೈಲು ಹೋಯಿತೇ ಎಂದು. ಹೋಯಿತು ಎಂದೆ. ಸರ್ಕಾರದ ವಕೀಲರು ತಲೆಯೆತ್ತಿದರು. ನ್ಯಾಯಾಧೀಶರು ಇನ್ನೊಮ್ಮೆ ಹೇಳಿಸಿದರು. ಜವರ ನನ್ನ ಕಡೆ ನೋಡಲೇ ಇಲ್ಲ, ತನ್ನ ಅಂಗೈ ನೋಡಿಕೊಳ್ಳುತ್ತಿದ್ದ. ತೀರ್ಪಿನ ದಿನ ಗಲ್ಲು ತಪ್ಪಿ ಏಳು ವರ್ಷದ ಸಜೆಯಾಯಿತು. ಹೊರಗೆ ಹುಣಸೆಮರದ ಕೆಳಗೆ ಕೂತಿದ್ದ ಅವ್ವ ಸೆರಗು ಕೊಡವಿ ಎದ್ದಳು.

"ನೀನು ನಿಜ ಯೋಳ್ದೆ, ಬುಡು. ಆ ನಿಜದಲ್ಲಿ ನನ್ ಮಗ ಎಲ್ಲವ್ನೆ, ತೋರ್ಸು."

ಆ ಏಳು ವರ್ಷ ನಡತೆಯ ದೆಸೆಯಿಂದ ಕೊಂಚ ಸವೆದು ಈಗ ಮುಗಿದಿದೆ. ಏಟಿಗೆ ಏಟು ಬಿದ್ದರೆ ಸರಿಹೋಗುತ್ತದೆ ಎನ್ನುವವರನ್ನು ಕಂಡಾಗ ನನಗೆ ಮೊದಲಿನ ಹಾಗೆ ವಾದ ಮಾಡಲು ಬಾಯಿ ಬರುವುದಿಲ್ಲ. ಜವರ ತಿದ್ದಿಕೊಂಡಿರಬಹುದು. ನಮ್ಮ ಮನೆಯಲ್ಲಿ ತಿದ್ದಿಹೋದದ್ದು ಏನೂ ಇಲ್ಲ. ಹಾಗೆಂದು ನಿಂಗಮ್ಮನನ್ನೂ ಮುಂಡೆಯಾಗಿಸಿದ್ದರೆ ಅವ್ವನಿಗೆ ನಿದ್ದೆ ಬರುತ್ತಿತ್ತೇ? ಬರುತ್ತಿತ್ತೇನೋ. ಅದೇ ನನ್ನ ಭಯ.

ನಿನ್ನೆ ಭಾನುವಾರ ಜವರ ಬಂದ. ಇಬ್ಬರು ಯಜಮಾನರು ಅವನನ್ನು ನಮ್ಮ ಬೀದಿಯಲ್ಲಿ ನಿಲ್ಲಿಸಿ ದೂರ ಸರಿದರು. ಜನ ಬಾಗಿಲುಗಳಲ್ಲಿ ನಿಂತರು. ಅವನ ಚಿಕ್ಕ ಮಗಳು ಅಪ್ಪನ ಗುರುತು ಸಿಗದೆ ತಾಯಿಯ ಸೆರಗಿನ ಹಿಂದಿದ್ದಳು. ಒಳಗೆ ಅವ್ವನ ಸದ್ದೇ ಇಲ್ಲ. ತಡೆಯಲಾರದೆ ನಾನೇ ಒಂದು ಚೆಂಬಿಗೆ ನೀರು ತುಂಬಿದೆ. ಹೊಸ್ತಿಲು ದಾಟುವಷ್ಟರಲ್ಲಿ ಅವ್ವ ಅದನ್ನು ನನ್ನ ಕೈಯಿಂದ ಕಿತ್ತುಕೊಂಡಳು. ಚೆಲ್ಲಿಬಿಡುತ್ತಾಳೆ ಅಂದುಕೊಂಡೆ.

ಚೆಲ್ಲಲಿಲ್ಲ. ಜಗುಲಿಯ ಅಂಚಿಗೆ ಕುಕ್ಕಿ ಹಿಂದೆ ಸರಿದಳು. ಜವರ ಎರಡೂ ಕೈಯಲ್ಲಿ ಎತ್ತಿ ಕುಡಿದ. ಅರ್ಧ ನೀರು ಎದೆಯ ಮೇಲೆ ಹರಿಯಿತು. ಚೆಂಬು ಕೆಳಗಿಟ್ಟು, ಕೈ ಮುಗಿದು, ಹಿಂದೆ ಊರ ವರಸೆಯಲ್ಲಿ ಕರೆಯುತ್ತಿದ್ದ ಹಾಗೆಯೇ, "ಅತ್ತೆಮ್ಮ, ನಾನು..." ಅಂದ.

"ನಿನ್ ಮಕ್ಳ ಊರ್ ಬುಡ್ಸಾಕೆ ನಂಗೆ ಇಷ್ಟಿಲ್ಲ, ಅದ್ಕೆ ನೀರು ಕೊಟ್ಟಿವ್ನಿ," ಅಂದಳು ಅವ್ವ. "ತಪ್ಪಾಯ್ತು ಮನ್ಸಲ್ಲಿ ಇಟ್ಕಬೇಡ ಅಂತ ಮಾತ್ರ ಕೇಳ್ಬೇಡ ಕಣ್ಲಾ. ಅದು ನನ್ನತ್ರ ಇಲ್ಲ. ಓಗು."

ಅವನು ಹೋದ. ಜನ ಬಾಗಿಲು ಹಾಕಿಕೊಂಡರು. ಕೋರ್ಟು ಎರಡು ಏಟಿಗೂ ಸೇರಿಸಿ ಒಂದೇ ತೀರ್ಪು ಕೊಟ್ಟಿತ್ತು. ಅವ್ವ ಮೊದಲನೆಯದಕ್ಕೆ ಒಂದು, ಎರಡನೆಯದಕ್ಕೆ ಇನ್ನೊಂದು ಬಿಡಿಸಿ ಕೊಟ್ಟಳು ಎಂದು ಆಗ ನನಗನ್ನಿಸಿತು.

ಇದನ್ನು ಬರೆಯುವ ಹೊತ್ತಿಗೂ ಆ ಚೆಂಬು ಜಗುಲಿಯ ಮೇಲೆಯೇ ಇದೆ. ಅವ್ವ ಅದನ್ನು ಸುತ್ತಿ ಬಳಸಿ ಓಡಾಡುತ್ತಿದ್ದಾಳೆ. ಬೆಳಗಿ ಒಳಗೆ ತರಲೇ ಎಂದು ಕೇಳಲು ಬಾಗಿಲ ತನಕ ಹೋಗುತ್ತೇನೆ, ಕೇಳದೆ ಹಿಂದೆ ಬರುತ್ತೇನೆ.