ಕುದೂರಿಗೆ ಹೊರಟ ಕಾರು

ನಿನ್ನೆ ಸಂಜೆ ಸಿಗ್ನಲ್ಲಿನಲ್ಲಿ ನನ್ನ ಮುಂದಿದ್ದ ಕಾರಿನಿಂದ ಬುಸ್ಸೆಂದು ಹಬೆ ಎದ್ದಿತು. ಹಿಂದಿನವರೆಲ್ಲ ಹಾರ್ನ್ ಒತ್ತುತ್ತಿದ್ದರೆ ನಾನೊಬ್ಬಳೇ ನಗುತ್ತ ಕೂತಿದ್ದೆ. ಕಾಯ್ದ ರೇಡಿಯೇಟರಿನ ವಾಸನೆ ಇಷ್ಟಪಡುವ ಹೆಂಗಸು ಇನ್ನೊಬ್ಬಳು ಇರಲಾರಳು. ಯಾಕೆಂದು ಹೇಳುತ್ತೇನೆ, ಕೇಳಿ.

ಇಸವಿ ಎರಡು ಸಾವಿರ ದಾಟಿ ಕೆಲವು ವರ್ಷಗಳಾಗಿದ್ದವು. ಬಿಡದಿಯ ಹೊಲಗಳು ಒಂದೊಂದಾಗಿ ಕಾಂಪೌಂಡಿನೊಳಗೆ ಸೇರಿಕೊಳ್ಳುತ್ತಿದ್ದ ಕಾಲ. ನನ್ನ ಗಂಡನಿಗೆ ಅಲ್ಲಿಯೇ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ಕುದೂರಿನಿಂದ ಅತ್ತೆ ಬಂದು ನಮ್ಮ ಜೊತೆ ಇದ್ದರು. ಪೇಟೆಯಲ್ಲಿ ಬೆಳೆದ ನನಗೂ ಅವರಿಗೂ ಜಗಳವಿರಲಿಲ್ಲ. ಜಗಳವಾಡುವಷ್ಟು ಮಾತೇ ಇರಲಿಲ್ಲ. ಏನು ಕೇಳಿದರೂ “ಹೂಂ”, ಇಲ್ಲವೇ “ಊಹೂಂ”. ಕೊನೆಗೊಂದು ದಿನ ಮಗನಿಗೆ, “ನನ್ನ ಊರಿಗೆ ಬುಟ್ಬುಡಪ್ಪ. ಕೂತು ಕೂತು ಕಾಲು ಮರಗಟ್ಟವೆ” ಅಂದರು.

ನನ್ನ ಗಂಡನಿಗೆ ರಜೆ ಸಿಗಲಿಲ್ಲ. ಹೊಸದಾಗಿ ಡ್ರೈವಿಂಗ್ ಕಲಿತಿದ್ದ ನಾನೇ ನಮ್ಮ ಹಳೇ ಕಾರಿನಲ್ಲಿ ಹೊರಟೆ. ಬಸ್ಸಿನ ದಾರಿ ಬಿಟ್ಟು ಮಂಚನಬೆಲೆ, ಸಾವನದುರ್ಗದ ಮೇಲೆ ಹೋಗೋಣವೆಂದುಕೊಂಡೆ. ಕಳಿಸಿಕೊಡುವಾಗಲಾದರೂ ಒಳ್ಳೆಯ ಸೊಸೆ ಅನ್ನಿಸಿಕೊಳ್ಳುವ ಆಸೆ, ಇನ್ನೇನು!

ಕೆರೆಯಂತೆ ಹರಡಿದ ನೀರು, ಬಂಡೆಗಳು, ರಸ್ತೆಗೆ ಬಾಗಿದ ಹುಣಸೆಮರಗಳು. “ಚೆನ್ನಾಗಿದೆ ಅಲ್ವಾ ಅತ್ತೆ?” ಅಂದೆ. “ಹೂಂ.” ಒಂದು ತಿರುವಿನಲ್ಲಿ ಸಾವನದುರ್ಗ ಇಡಿಯಾಗಿ ಎದುರು ನಿಂತಿತು. ನಾನು ಬೆಟ್ಟ ನೋಡುತ್ತಿದ್ದೆನೇ ಹೊರತು ಎಂಜಿನ್ ಕಾದಿದೆಯೆಂದು ಸ್ಟಿಯರಿಂಗ್ ಹಿಂದೆ ಉರಿಯುತ್ತಿದ್ದ ಕೆಂಪು ದೀಪವನ್ನಲ್ಲ. ಬಾನೆಟ್ಟಿನಿಂದ ಹಬೆ ಎದ್ದು ಅಷ್ಟು ದೊಡ್ಡ ಬೆಟ್ಟವೇ ಮರೆಯಾಗಿಹೋಯಿತು.

ರಸ್ತೆ ಬದಿಯಲ್ಲಿ ಒಂದೇ ಮನೆ. ನೀರು ಕೇಳಲು ಇಬ್ಬರೂ ಹೋದೆವು. ಮನೆಯಾಕೆ ಜಯಮ್ಮ ಬಾಗಿಲಿನಿಂದಲೇ ಕೂಗಿದಳು: “ತೊಟ್ಟೀಲೈತೆ, ತಕ್ಕಳಿ ತಾಯಿ. ಹುಳ ಹಣ್ಣಾಗ್ಬುಟ್ಟವೆ, ಮಾತಾಡಕ್ಕೂ ಪುರುಸೊತ್ತಿಲ್ಲ.”

ರೇಷ್ಮೆಹುಳುಗಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದರೆ ಕಾಯುವುದಿಲ್ಲ. ತಟ್ಟೆಯಿಂದ ಆಯ್ದು, ಗೂಡು ಕಟ್ಟಲೆಂದೇ ಹೆಣೆದ ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ಸಿಕ್ಕಲ್ಲಿ ನೂಲು ಸುತ್ತಿ ಬೆಳೆ ಹಾಳು. ಕೂಲಿಗೆ ಬರುತ್ತಿದ್ದ ಹೆಂಗಸರೆಲ್ಲ ಗಾರ್ಮೆಂಟ್ಸ್ ವ್ಯಾನು ಹತ್ತಿ ಹೋಗಿದ್ದರು. ಗಂಡಹೆಂಡಿರಿಬ್ಬರೇ ಒದ್ದಾಡುತ್ತಿದ್ದರು. ಆಕೆಯ ಗಂಡ ಓಡಿಬಂದು ಕಾರು ನೋಡಿ, “ಪೈಪ್ ಒಡದೈತೆ. ಹುಳ ಬುಟ್ಟು ಬರಂಗಿಲ್ಲ ಕಣಕ್ಕ. ಇದು ಮುಗುದ್ಮೇಲೆ ಮಾಗಡಿಯಿಂದ ಮೆಕ್ಯಾನಿಕ್ ಕರ್ಕಂಬತ್ತೀನಿ” ಅಂದ.

ಅತ್ತೆ ತಮ್ಮ ಚೀಲವನ್ನು ನನ್ನ ಕೈಗಿತ್ತರು. ತೊಟ್ಟಿಯ ಹತ್ತಿರ ಕಾಲು ತೊಳೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ, “ಎಲ್ಲವ್ವ ಚಂದ್ರಿಕೆ?” ಎನ್ನುತ್ತ ಒಳನಡೆದರು. ಹಿಂದೆಯೇ ಅವರ ದನಿ ಬಂತು: “ಬಾರವ್ವ, ಯಾಕಂಗ್ ನಿಂತಿದ್ದೀಯೆ? ಕಾಲ್ ತೊಳ್ಕೊಂಡು ಬಾ.”

ಅವರು ನನಗೆ ಕೊಟ್ಟ ಮೊದಲ ಅಪ್ಪಣೆ ಅದು. ಹುಳ ಎಂದರೆ ನನಗೆ ಮೈಯೆಲ್ಲ ಜುಮ್ಮೆನ್ನುತ್ತದೆ. ಅತ್ತೆಗೆ ಗೊತ್ತಾಗದಿರಲೆಂದು ಹಲ್ಲು ಕಚ್ಚಿ ಒಂದೊಂದನ್ನೇ ಎತ್ತಿದೆ. ತಣ್ಣಗೆ, ಮೆತ್ತಗೆ, ದ್ರಾಕ್ಷಿಯಂತೆ ಒಳಗೆ ಬೆಳಕು ತುಂಬಿಕೊಂಡಿದ್ದವು. ಅತ್ತೆಯೋ, ಕೈ ಓಡಿದಷ್ಟೇ ಜೋರಾಗಿ ಮಾತಾಡುತ್ತಿದ್ದರು. “ನಮ್ಮಪ್ಪನ ಮನೇಲಿ ಹುಳ ಹಣ್ಣಾದ್ರೆ ಮದ್ವೆಮನೆ ಇದ್ದಂಗೆ ಕಣ್ ಜಯಮ್ಮ. ಉಣ್ಣಕ್ಕೂ ಏಳ್ತಿರ್ಲಿಲ್ಲ, ನಮ್ಮವ್ವ ಬಾಯಿಗಿಕ್ಕೋಳು.” ಅವರ ನಗು ಹೇಗಿರುತ್ತದೆಂದು ನನಗೆ ತಿಳಿದದ್ದು ಆ ಮನೆಯಲ್ಲಿ.

ಕೊನೆಯ ತಟ್ಟೆ ಖಾಲಿಯಾದಾಗ ಜಯಮ್ಮ ಗೋಡೆಗೊರಗಿ ಅತ್ತೇಬಿಟ್ಟಳು. “ನಿಮ್ಮ ಕಾರು ಕೆಡದಿದ್ರೆ ನಮ್ಮ ಬೆಳೆ ಕೆಡೋದು ಕಣವ್ವ” ಅಂದಳು. ನಾಲ್ವರೂ ಒಟ್ಟಿಗೆ ಕೂತು ಮುದ್ದೆ, ಉಪ್ಸಾರು ಉಂಡೆವು. ಆಮೇಲೆ ಮೆಕ್ಯಾನಿಕ್ ಬಂದು ಪೈಪು ಬದಲಿಸಿದ.

ಮಾಗಡಿ ತಲುಪುವಾಗ ಹೊತ್ತು ಇಳಿದಿತ್ತು. ಕುದೂರಿನ ದಾರಿಗೆ ತಿರುಗಿಸುತ್ತಿದ್ದೆ. ಅತ್ತೆ ನನ್ನ ಕೈಮೇಲೆ ಕೈಯಿಟ್ಟು, “ಕತ್ಲಾಯ್ತದೆ. ನನ್ನ ಬುಟ್ಟು ಒಬ್ಳೇ ಎಂಗ್ ವಾಪಸ್ ಓಯ್ತೀಯೆ? ನಡಿ, ಮನೆಗೋಗವ” ಅಂದರು. ಊರಿನ ಮಾತು ಆಮೇಲೆ ಎತ್ತಲಿಲ್ಲ. ಹಬ್ಬಕ್ಕೆಂದು ಹೋದರೂ ನಮ್ಮ ಜೊತೆಯಲ್ಲೇ ಹಿಂತಿರುಗಿದರು.

ಹುಳುಗಳ ಒಡನಾಟದಿಂದ ಅವರ ಮನಸ್ಸು ತಿರುಗಿತೆಂದೇ ಇಷ್ಟು ವರ್ಷ ನಂಬಿದ್ದೆ. ನಿನ್ನೆ ಮನೆಗೆ ಬಂದವಳು, ಅವತ್ತು ಊರಿಗೆ ಹೋಗದೆ ಹಿಂತಿರುಗಿದ್ದು ಆ ಹುಳುಗಳಿಂದಲೇ ಅಲ್ಲವೇ ಎಂದು ಕೇಳಿಯೇಬಿಟ್ಟೆ. ಕಿವಿ ಮಂದವಾಗಿರುವ ಅತ್ತೆಗೆ ಎರಡು ಸಲ ಕೂಗಿ ಹೇಳಬೇಕಾಯಿತು.

“ಹುಳಾನಾ? ಅದ್ಯಾಕೆ?” ಅಂದರು. “ಹುಳ ಅಂದ್ರೆ ನಿಂಗಾಗಲ್ಲ ಅಂತ ಅವತ್ತೇ ಗೊತ್ತಾಯ್ತು ಕಣವ್ವ. ಮುಖ ಕಿವುಚ್ಕೊಂಡ್ ಎತ್ತಿದ್ದೆ. ಆದ್ರೂ ನನ್ ಪಕ್ಕದಿಂದ ಏಳ್ಲಿಲ್ಲ ನೀನು.”

ನಾನು ಅವರ ಪಕ್ಕದಲ್ಲಿ ಕೂತೆ.