ಗುಡೂರಿನ ಹೊಲದಲ್ಲಿ ಆಂಟೆನಾ

ಗ್ಯಾಲಕ್ಸಿಗಳು ಗುಂಪುಗುಂಪಾಗಿ ಇರುತ್ತವೆ. ಆ ಗುಂಪುಗಳ ನಡುವೆ ಖಾಲಿ ಎನಿಸುವ ಜಾಗದಿಂದಲೂ ತೀರಾ ಕ್ಷೀಣವಾದ ರೇಡಿಯೋ ಅಲೆ ಹೊಮ್ಮುತ್ತದೆ. ಅದನ್ನು ಹಿಡಿಯಬೇಕೆಂದರೆ ಸುತ್ತಮುತ್ತ ಬೇರೆ ಯಾವ ರೇಡಿಯೋ ಗದ್ದಲವೂ ಇರಬಾರದು. ಅಂಥ ಜಾಗ ಹುಡುಕುತ್ತ ಗುಡೂರಿನ ಹತ್ತಿರ ಒಂದು ಹೊಲದ ಬದುವಿನ ಮೇಲೆ ಗದ್ದಲ ಅಳೆಯಲು ಆಂಟೆನಾ ನಿಲ್ಲಿಸಿದ್ದೆ. ಲ್ಯಾಪ್‌ಟಾಪಿನ ಪರದೆಯಲ್ಲಿ ಮಾತ್ರ ಬಿಟ್ಟುಬಿಟ್ಟು ಗೆರೆಗಳು ಎದ್ದು ನಿಲ್ಲುತ್ತಿದ್ದವು. ನೋಡಿದರೆ, ಹಂದಿ ಬಾರದಿರಲೆಂದು ಬೇಲಿಯ ತಂತಿಗೆ ಹಚ್ಚಿದ್ದ, ಕರೆಂಟು ಹೊಡೆಯುವ ಝಟ್ಕಾ ಮಷೀನಿನ ಕಿಡಿ!

ಹೊಲದೊಡತಿ ಗಂಗವ್ವನನ್ನು ಕೇಳಿದೆ: “ಅವ್ವಾರ, ಸ್ವಲ್ಪ ಹೊತ್ತು ಮಷೀನ್ ಬಂದ್ ಮಾಡ್ತೀರೇನ್ರಿ?”

“ಹಂದಿ ಬರೂ ಹೊತ್ತೇ ಇದು. ಶೇಂಗಾ ಎಲ್ಲಾ ಕೆದರಿ ಹಾಕ್ತಾವ್ರಿ” ಎಂದು ಆಕೆ ನನ್ನ ಮುಖ ನೋಡಿದಳು. “ಇರ್ಲಿ, ನೀವೂ ಭಾಳ ದೂರದಿಂದ ಬಂದೀರಿ.”

ಮಷೀನ್ ಬಂದ್ ಮಾಡಿದ ಗಂಗವ್ವ ಗಂಗಾಳ ಬಡಿಯುತ್ತ, ಹೋ ಎಂದು ಕೂಗುತ್ತ ಹೊಲದ ಸುತ್ತ ತಿರುಗತೊಡಗಿದಳು. ಆಂಟೆನಾಕ್ಕೆ ಆ ಸದ್ದು ತಾಗುವುದಿಲ್ಲ. ಪರದೆಯ ಮೇಲೆ ಗೆರೆ ಮಟ್ಟಸವಾಗಿ ಮಲಗಿತು. ಸುಮ್ಮನೆ ಕೂರಲಾಗದೆ ನಾನೂ ಒಂದು ಡಬ್ಬಿ ಬಡಿಯುತ್ತ ಆಕೆಯ ಹಿಂದೆ ಹೊರಟೆ. ಹಂದಿ ಬರಲಿಲ್ಲ.

ಅಳತೆ ಮುಗಿದ ಮೇಲೆ ಆಕೆ ಏದುಸಿರು ಬಿಡುತ್ತ ಕೇಳಿದಳು: “ಏನ್ ಕೇಳಿಸ್ತ್ರಿ?”

“ಏನೂ ಕೇಳಿಸ್ಲಿಲ್ಲರಿ!” ಎಂದೆ ಖುಷಿಯಿಂದ. ನಮಗೆ ಬೇಕಾದದ್ದು ಗದ್ದಲವಿಲ್ಲದ ಇಂಥ ಜಾಗವೇ ಎಂದು ಎಷ್ಟು ಬಿಡಿಸಿ ಹೇಳಿದರೂ ಆಕೆಯ ಕಣ್ಣಿನ ಕನಿಕರ ಕಡಿಮೆಯಾಗಲಿಲ್ಲ. ನನ್ನ ಚೀಲದ ತುಂಬ ಹಸಿ ಶೇಂಗಾ ಸುರಿದು, “ಬ್ಯಾಸರ ಮಾಡ್ಕೋಬ್ಯಾಡ್ರಿ. ನಾಳೆ ಮತ್ತ ಬರ್ರಿ, ಕೇಳಿಸ್ತೈತಿ” ಎಂದಳು.

ಮರುದಿನ ನನಗೆ ಅಲ್ಲಿ ಕೆಲಸವೇನೂ ಇರಲಿಲ್ಲ. ಆದರೂ ಹೋದೆ, ವಿಜ್ಞಾನದಲ್ಲಿ ಇನ್ನೊಮ್ಮೆ ಪರೀಕ್ಷಿಸುವುದು ಒಳ್ಳೆಯದೇ.